ಯಮಾಮಾದ ಗೋಧಿ, ಚಿಕ್ಕಬಳ್ಳಾಪುರದ ಈರುಳ್ಳಿ

(ಜುಮಾ ಖುತ್ಬಾದ ಸಾರಾಂಶ)

ಸರ್ವಸ್ತುತಿ ಅಲ್ಲಾಹನಿಗೆ. ಅವನ ಅಂತ್ಯ ಪ್ರವಾದಿ ಮುಹಮ್ಮದ್(ಸ)ರ ಮೇಲೆ, ಅವರ ಕುಟುಂಬದವರ ಮೇಲೆ, ಸಹಾಬಿಗಳ ಮೇಲೆ ಸಲಾತ್ ಮತ್ತು ಸಲಾಮ್.



ಇಂದು ನಾವು ಈರುಳ್ಳಿಯ ಬಗ್ಗೆ ಮಾತನಾಡುತ್ತೇವೆ. ಮಿಂಬರಿನ ಮೇಲೆ ಈರುಳ್ಳಿಗೆ ಏನು ಕೆಲಸ ಎಂದು ಕೆಲವರು ಮನಸ್ಸಿನಲ್ಲೇ ನಗಬಹುದು. ಆದರೆ ಅಳತೆ-ತೂಕದ ಬಗ್ಗೆ ಒಂದು ಇಡೀ ಸೂರಾದ ಹೆಸರೇ ಇರುವ ಗ್ರಂಥ ನಮ್ಮದು. ಕುರೈಶರು ಚಳಿಗಾಲದಲ್ಲೂ ಬೇಸಿಗೆಯಲ್ಲೂ ಕೈಗೊಳ್ಳುತ್ತಿದ್ದ ವ್ಯಾಪಾರದ ಪ್ರಯಾಣಗಳನ್ನು ಅಲ್ಲಾಹನು ಅವರಿಗೆ ಮಾಡಿದ ಅನುಗ್ರಹವೆಂದು ನೆನಪಿಸುವ ಸೂರಾವನ್ನು ನಮ್ಮ ಮಕ್ಕಳು ಮದ್ರಸದ ಮೊದಲ ವರ್ಷದಲ್ಲೇ ಬಾಯಿಪಾಠ ಮಾಡುತ್ತಾರೆ. ದೂರದ ಊರಿನಿಂದ ಸರಕು ಬರುವುದು, ನಮ್ಮ ಸರಕು ದೂರದ ಊರಿಗೆ ಹೋಗುವುದು, ದಾರಿ ಸುರಕ್ಷಿತವಾಗಿರುವುದು, ಹಸಿದವನಿಗೆ ಅನ್ನ ಸಿಗುವುದು - ಇವೆಲ್ಲ ಆ ಚಿಕ್ಕ ಸೂರಾದಲ್ಲಿ ಒಂದಕ್ಕೊಂದು ಹೊಂದಿಕೊಂಡೇ ಬರುತ್ತವೆ. ಹಾಗಾದರೆ ಆ ದಾರಿಯನ್ನು ಯಾರಾದರೂ ಮುಚ್ಚಿದರೆ? ಅದೂ ಅನ್ನ ಸಾಗುವ ದಾರಿಯನ್ನು? ಅದನ್ನೇ ಇಂದು ಯೋಚಿಸಬೇಕು.

ಮೊದಲು ಒಂದು ಘಟನೆ. ಸುಮಾಮಾ ಬಿನ್ ಉಸಾಲ್(ರ) ಎಂಬವರು ಬನೂ ಹನೀಫಾ ಗೋತ್ರದ ಮುಖಂಡರು. ಅವರ ನಾಡು ಯಮಾಮಾ. ಇಂದಿನ ರಿಯಾದ್‌ನ ಸುತ್ತಮುತ್ತಲ ಪ್ರದೇಶ ಅದು. ಗೋಧಿ ಬೆಳೆಯುವ ಸೀಮೆ. ಮಕ್ಕಾ ನಿಮಗೆ ಗೊತ್ತೇ ಇದೆ, ಬೆಳೆಯಿಲ್ಲದ ಕಣಿವೆ. ಇಬ್ರಾಹೀಮ್(ಅ)ರು ತಮ್ಮ ದುಆದಲ್ಲೇ ಅದನ್ನು ಹೇಳಿಕೊಂಡಿದ್ದರು. ಮಕ್ಕಾದವರು ತಿನ್ನುವ ಗೋಧಿ ಹೊರಗಿನಿಂದ ಬರಬೇಕು, ಅದರಲ್ಲಿ ದೊಡ್ಡ ಪಾಲು ಯಮಾಮಾದಿಂದ.

ನಜ್ದ್ ಕಡೆಗೆ ಹೋಗಿದ್ದ ಮುಸ್ಲಿಮ್ ಕುದುರೆ ಸವಾರರ ಕೈಗೆ ಸುಮಾಮಾ ಸಿಕ್ಕಿಬಿದ್ದರು. ಅವರನ್ನು ಮದೀನಾಕ್ಕೆ ತಂದು ಮಸೀದಿಯ ಕಂಬಕ್ಕೆ ಕಟ್ಟಲಾಯಿತು. ಪ್ರವಾದಿವರ್ಯರು(ಸ) ಮೂರು ದಿನ ಅವರ ಬಳಿಗೆ ಬಂದು ಮಾತನಾಡಿಸಿದರು. ಮೂರನೆಯ ದಿನ, ಯಾವ ಪರಿಹಾರ ಧನವನ್ನೂ ಕೇಳದೆ ಬಿಟ್ಟುಬಿಡಿ ಎಂದರು. ಬಿಡುಗಡೆಯಾದ ಸುಮಾಮಾ ಹತ್ತಿರದ ಖರ್ಜೂರದ ತೋಟಕ್ಕೆ ಹೋಗಿ ಸ್ನಾನ ಮಾಡಿ ಬಂದು ಇಸ್ಲಾಮ್ ಸ್ವೀಕರಿಸಿದರು. ಕಟ್ಟಿದಾಗ ಬಾಗದವರು ಬಿಚ್ಚಿದಾಗ ಬಾಗಿದರು. ಅಲ್ಲಿಂದ ಉಮ್ರಾಕ್ಕೆಂದು ಮಕ್ಕಾಕ್ಕೆ ಹೋದರು. ಕುರೈಶರು ಹೀಯಾಳಿಸಿದರು, ಧರ್ಮ ಕೆಡಿಸಿಕೊಂಡೆ ಎಂದರು. ಆಗ ಸುಮಾಮಾರಿಗೆ ಕೋಪ ಬಂತು. ಇನ್ನು ಪ್ರವಾದಿಯವರ(ಸ) ಅನುಮತಿ ಇಲ್ಲದೆ ಯಮಾಮಾದ ಒಂದು ಕಾಳು ಗೋಧಿಯೂ ನಿಮಗೆ ಬಾರದು ಎಂದು ಆಣೆ ಇಟ್ಟು ಊರಿಗೆ ಹೋದರು. ಹೇಳಿದಂತೆಯೇ ಮಾಡಿದರು.

ಇಂದಿನ ಭಾಷೆಯಲ್ಲಿ ಇದಕ್ಕೆ ರಫ್ತು ನಿಷೇಧ ಎನ್ನುತ್ತಾರೆ.

ಈ ಕುರೈಶರು ಯಾರು? ಕೆಲವೇ ವರ್ಷಗಳ ಹಿಂದೆ ಪ್ರವಾದಿವರ್ಯರನ್ನೂ(ಸ) ಅವರ ಇಡೀ ಕುಲವನ್ನೂ ಅಬೂತಾಲಿಬ್ ಕಣಿವೆಯಲ್ಲಿ ಸುಮಾರು ಮೂರು ವರ್ಷ ಕೂಡಿಹಾಕಿದವರು. ಅವರಿಗೆ ಏನನ್ನೂ ಮಾರಬಾರದು, ಅವರಿಂದ ಏನನ್ನೂ ಕೊಳ್ಳಬಾರದು ಎಂದು ಬರೆದು ಕಅಬಾದೊಳಗೆ ತೂಗುಹಾಕಿದವರು. ಹಸಿವಿನಿಂದ ಅಳುವ ಮಕ್ಕಳ ದನಿ ಕಣಿವೆಯ ಹೊರಗೆ ಕೇಳುತ್ತಿತ್ತು ಎಂದು ಚರಿತ್ರೆ ಬರೆದವರು ಹೇಳುತ್ತಾರೆ. ಅದೇ ಜನ ಈಗ ಮದೀನಾಕ್ಕೆ ಪತ್ರ ಬರೆದರು. ನೀವು ಬಂಧುತ್ವ ಉಳಿಸಿಕೊಳ್ಳಿ ಎಂದು ಬೋಧಿಸುವವರು, ನಮ್ಮ ಬಂಧುತ್ವವನ್ನೇ ಕಡಿದಿದ್ದೀರಿ ಎಂಬುದು ಆ ಪತ್ರದ ತಾತ್ಪರ್ಯ. ನಾವಾಗಿದ್ದರೆ ಆ ಪತ್ರ ಓದಿ ಏನು ಮಾಡುತ್ತಿದ್ದೆವು? ನಮ್ಮ ನಮ್ಮ ಎದೆ ಮುಟ್ಟಿ ನೋಡಿಕೊಳ್ಳೋಣ. ಪ್ರವಾದಿವರ್ಯರು(ಸ) ಸುಮಾಮಾರಿಗೆ ಬರೆದರು: ಗೋಧಿ ಹೋಗಲಿ, ತಡೆಯಬೇಡಿ. ಮಕ್ಕಾದೊಂದಿಗಿನ ವೈರ ಮುಗಿದಿರಲಿಲ್ಲ. ಕುರೈಶರು ಕ್ಷಮೆ ಕೇಳಿರಲಿಲ್ಲ. ಗೋಧಿ ಹೋಯಿತು.

ಇದನ್ನು ನೆನಪಿನಲ್ಲಿಟ್ಟುಕೊಂಡು ಈಗ ನಮ್ಮ ಸೀಮೆಗೆ ಬರೋಣ.

ಕನ್ನಡನಾಡಿನಲ್ಲಿ ಈ ಒಂದು ಗಡ್ಡೆಗೆ ಮೂರು ಹೆಸರು. ನಮ್ಮ ಕಡೆ ಈರುಳ್ಳಿ, ಕರಾವಳಿಯಲ್ಲಿ ನೀರುಳ್ಳಿ, ಹುಬ್ಬಳ್ಳಿ-ಗದಗದ ಕಡೆ ಉಳ್ಳಾಗಡ್ಡಿ. ನಾವು ದಿನಾ ಸಾರಿಗೆ ಹೆಚ್ಚುವ ದಪ್ಪ ಈರುಳ್ಳಿ ಒಂದು ಬಗೆ. ಬೆಂಗಳೂರು ಗ್ರಾಮಾಂತರ, ಕೋಲಾರ, ಚಿಕ್ಕಬಳ್ಳಾಪುರ ಜಿಲ್ಲೆಗಳಲ್ಲಿ ಬೆಳೆಯುವ ಗುಲಾಬಿ ಈರುಳ್ಳಿ ಇನ್ನೊಂದು ಬಗೆ. ಗಾತ್ರ ಸಣ್ಣದು, ಬುಡ ಚಪ್ಪಟೆ, ಬಣ್ಣ ಕಡುಗೆಂಪು, ಘಾಟು ಜಾಸ್ತಿ. 2015ರಲ್ಲಿ ಇದಕ್ಕೆ ‘ಬೆಂಗಳೂರು ರೋಸ್ ಈರುಳ್ಳಿ’ ಎಂಬ ಹೆಸರಿನಲ್ಲಿ ಭೌಗೋಳಿಕ ಗುರುತು, ಅಂದರೆ ಜಿಐ ಟ್ಯಾಗ್ ಸಿಕ್ಕಿತು. ಬೆಳೆಯುವವರೇ ಇದನ್ನು ಮನೆಯ ಅಡುಗೆಗೆ ಬಳಸುವುದು ಕಡಿಮೆ. ಬೆಂಗಳೂರಿನ ಹೋಟೆಲುಗಳೂ ಕೊಳ್ಳುವುದಿಲ್ಲ, ಸಿಪ್ಪೆ ಸುಲಿಯುವವರಿಗೇ ಅರ್ಧ ದಿನ ಬೇಕು. ಇದನ್ನು ಬೆಳೆಯುವುದೇ ಮಲೇಷ್ಯಾ, ಸಿಂಗಾಪುರ, ಶ್ರೀಲಂಕಾದ ಅಡುಗೆಮನೆಗಳಿಗಾಗಿ. ಹೊಲದಲ್ಲಿ ಕಿತ್ತು, ಗರಿ ಕತ್ತರಿಸಿ, ಗಾತ್ರ ನೋಡಿ ಆರಿಸಿ, ಚೀಲ ತುಂಬಿ, ಲಾರಿಗೆ ಏರಿಸಿ ಚೆನ್ನೈ ಬಂದರಿಗೆ ಕಳಿಸುತ್ತಾರೆ. ಬೆಳೆದವರು ಹೆಚ್ಚಾಗಿ ನಮ್ಮ ರೈತ ಸಹೋದರರು. ಮಂಡಿಯಲ್ಲಿ ಕೊಳ್ಳುವವರಲ್ಲಿ, ಆರಿಸುವ ಹೆಣ್ಣುಮಕ್ಕಳಲ್ಲಿ, ಹಮಾಲರಲ್ಲಿ, ಲಾರಿ ಓಡಿಸುವವರಲ್ಲಿ ನಮ್ಮವರೂ ಎಷ್ಟೋ ಜನ ಇದ್ದಾರೆ.

ಈಗ ದಿನಾಂಕಗಳನ್ನು ಸ್ವಲ್ಪ ಗಮನವಿಟ್ಟು ಕೇಳಬೇಕು. 2019ರಲ್ಲಿ ಮಹಾರಾಷ್ಟ್ರದಲ್ಲಿ, ನಮ್ಮ ಉತ್ತರ ಕರ್ನಾಟಕದಲ್ಲಿ ಮಳೆ ಹೆಚ್ಚಾಗಿ ದಪ್ಪ ಈರುಳ್ಳಿ ಹಾಳಾಯಿತು, ಬೆಲೆ ಏರಿತು. ಸೆಪ್ಟೆಂಬರ್ 29ರಂದು ಕೇಂದ್ರ ಸರಕಾರ ಈರುಳ್ಳಿ ರಫ್ತನ್ನು ನಿಷೇಧಿಸಿತು. ಗುಲಾಬಿ ಈರುಳ್ಳಿಯೂ ಅದರಲ್ಲಿ ಸೇರಿಹೋಯಿತು. ಇದನ್ನು ಇಲ್ಲಿ ಯಾರೂ ತಿನ್ನುವುದಿಲ್ಲ, ಇದನ್ನು ತಡೆದರೆ ದೆಹಲಿಯಲ್ಲಿ ಬೆಲೆ ಇಳಿಯುವುದಿಲ್ಲ ಎಂದು ಇಲ್ಲಿಂದ ಹೇಳಿ ಹೇಳಿ, ಅಕ್ಟೋಬರ್ 28ರಂದು 9,000 ಟನ್ ಕಳಿಸಬಹುದು, ನವೆಂಬರ್ 30ರೊಳಗೆ, ಚೆನ್ನೈ ಬಂದರಿನಿಂದ ಮಾತ್ರ ಎಂಬ ಆದೇಶ ಬಂತು. ಒಂದು ತಿಂಗಳು ಹೋಯಿತು. 2020ರಲ್ಲಿ ಸೆಪ್ಟೆಂಬರ್ 14ರಂದು ಮತ್ತೆ ನಿಷೇಧ. ಅಕ್ಟೋಬರ್ 9ರಂದು ಗುಲಾಬಿ ಈರುಳ್ಳಿ 10,000 ಟನ್ ಕಳಿಸಲು ಅನುಮತಿ. 25 ದಿನ ಹೋಯಿತು. 2023ರಲ್ಲಿ ಆಗಸ್ಟ್ 19ರಂದು ಎಲ್ಲ ಈರುಳ್ಳಿಗೂ ಶೇ. 40 ರಫ್ತು ಸುಂಕ. ತೋಟಗಾರಿಕೆ ಆಯುಕ್ತರ ಪ್ರಮಾಣಪತ್ರ ತಂದರೆ ಗುಲಾಬಿ ಈರುಳ್ಳಿಗೆ ಸುಂಕವಿಲ್ಲ ಎಂಬ ಆದೇಶ ಬಂದದ್ದು ಸೆಪ್ಟೆಂಬರ್ 29ಕ್ಕೆ. 41 ದಿನ ಹೋಯಿತು.

ಮೂರು ಸಲವೂ ಕೊನೆಗೆ ಒಪ್ಪಿಕೊಂಡದ್ದು ಒಂದೇ ವಿಷಯ. ಮೂರು ಸಲವೂ ತಡವಾಗಿ. ಹೊಲದಲ್ಲಿ ಬಲಿತ ಈರುಳ್ಳಿ ಫೈಲು ಸರಿಯುವವರೆಗೆ ಕಾಯುವುದಿಲ್ಲ. ಮಳೆ ಬಿದ್ದರೆ ಕೊಳೆಯುತ್ತದೆ, ಬಿಸಿಲು ಬಿದ್ದರೆ ಒಣಗಿ ತೂಕ ಕಳೆದುಕೊಳ್ಳುತ್ತದೆ. ಸಾಲ ಕೊಟ್ಟವನೂ ಕಾಯುವುದಿಲ್ಲ.

ನಾವು ಇಲ್ಲಿ ಯಾವ ಪಕ್ಷದ ಪರವಾಗಿಯೂ ನಿಂತು ಮಾತನಾಡುತ್ತಿಲ್ಲ. ಹಿಂದಿನ ಸರಕಾರಗಳೂ ಇದನ್ನೇ ಮಾಡಿವೆ, ಬೇರೆ ದೇಶಗಳೂ ಮಾಡುತ್ತವೆ. ಈರುಳ್ಳಿಯ ಬೆಲೆಯಿಂದ ಚುನಾವಣೆ ಸೋಲುವ ಭಯ ಎಲ್ಲರಿಗೂ ಇದೆ. 1998ರಲ್ಲಿ ದೆಹಲಿಯಲ್ಲಿ ಅದು ಕಣ್ಣಾರೆ ಕಂಡದ್ದು. ಮತ್ತೊಂದು ಮಾತು ಒಪ್ಪಿಕೊಳ್ಳಬೇಕು: 2019ರ ಕೊನೆಗೆ ಬೆಂಗಳೂರಿನಲ್ಲಿ ಈರುಳ್ಳಿ ಕಿಲೋಗೆ ನೂರು ರೂಪಾಯಿ ದಾಟಿದಾಗ ನಾವೂ ಬಜಾರಿನಲ್ಲಿ ನಿಂತು, ಇವರು ಹೊರದೇಶಕ್ಕೆ ಕಳಿಸಿ ನಮ್ಮನ್ನು ಸಾಯಿಸುತ್ತಾರೆ ಎಂದು ಬೈದವರೇ. ನಿಷೇಧದ ಸುದ್ದಿ ಕೇಳಿ ಒಳ್ಳೆಯದಾಯಿತು ಎಂದವರೇ. ಆ ವರ್ಷ ನಮ್ಮ ಸರಕಾರ ತುರ್ಕಿ, ಈಜಿಪ್ಟಿನಿಂದ ಈರುಳ್ಳಿ ತರಿಸಿತು. ರುಚಿ ಹೊಂದಲಿಲ್ಲ, ರಾಜ್ಯಗಳು ಬೇಡವೆಂದವು, ಬಂದರಿನಲ್ಲೇ ಒಂದಷ್ಟು ಕೊಳೆಯಿತು. ನಾವು ಅಷ್ಟೊಂದು ಕೊಂಡಾಗ ಅತ್ತ ತುರ್ಕಿಯಲ್ಲಿ ಬೆಲೆ ಏರಿತು, ಅವರೂ ರಫ್ತಿಗೆ ತಡೆ ಹಾಕಿದರು. ಒಂದು ಮನೆಯವರು ಬಾಗಿಲು ಹಾಕಿದರೆ ಪಕ್ಕದ ಮನೆಯವರೂ ಹಾಕುತ್ತಾರೆ, ಬೀದಿಯ ಕೊನೆಯವರೂ ಹಾಕುತ್ತಾರೆ.

ನಮ್ಮ ಬಾಗಿಲು ಮುಚ್ಚಿದಾಗ ಹೊರಗೆ ನಿಂತವರು ಯಾರು? ಬಾಂಗ್ಲಾದೇಶ ತನಗೆ ಬೇಕಾದ ಈರುಳ್ಳಿಯಲ್ಲಿ ಕೊರತೆಯಾದಷ್ಟನ್ನು ಬಹುಕಾಲದಿಂದ ನಮ್ಮಿಂದಲೇ ತರಿಸುತ್ತಿದ್ದ ದೇಶ. 2019ರ ನವೆಂಬರಿನಲ್ಲಿ ಅಲ್ಲಿ ಕಿಲೋ ಈರುಳ್ಳಿ 200 ಟಾಕಾ ದಾಟಿತು, ವಿಮಾನದಲ್ಲಿ ಈರುಳ್ಳಿ ತರಿಸಿದರು. ಅದೇ ಅಕ್ಟೋಬರಿನಲ್ಲಿ ದೆಹಲಿಗೆ ಬಂದಿದ್ದ ಅಲ್ಲಿನ ಆಗಿನ ಪ್ರಧಾನಿ ಶೇಖ್ ಹಸೀನಾ, ಅಡುಗೆಯಲ್ಲಿ ಈರುಳ್ಳಿ ಬಿಟ್ಟುಬಿಡಲು ಮನೆಯ ಅಡುಗೆಯವರಿಗೆ ಹೇಳಿದ್ದೇನೆ, ಮೊದಲೇ ಒಂದು ಮಾತು ತಿಳಿಸಿದ್ದರೆ ಬೇರೆ ಕಡೆಯಿಂದ ತರಿಸಿಕೊಳ್ಳುತ್ತಿದ್ದೆವು ಎಂಬರ್ಥದಲ್ಲಿ ನಗುತ್ತಲೇ ಹೇಳಿದರು. ಸಭೆ ನಕ್ಕಿತು. ಢಾಕಾದ ಕೂಲಿಕಾರನಿಗೆ ನಗು ಬಂದಿರಲಾರದು. ಅನ್ನದ ಜೊತೆ ಒಂದು ಹಸಿ ಈರುಳ್ಳಿ, ಒಂದು ಮೆಣಸಿನಕಾಯಿ - ಅದೇ ಅವನ ಊಟ.

ಅಕ್ಕಿಯ ವಿಷಯ ಇನ್ನೂ ದೊಡ್ಡದು. ಜಗತ್ತಿನಲ್ಲಿ ದೇಶದಿಂದ ದೇಶಕ್ಕೆ ಮಾರಾಟವಾಗುವ ಅಕ್ಕಿಯಲ್ಲಿ ಸುಮಾರು ಶೇ. 40 ನಮ್ಮ ದೇಶದ್ದು. 2022ರ ಸೆಪ್ಟೆಂಬರಿನಲ್ಲಿ ನುಚ್ಚಕ್ಕಿಯ ರಫ್ತು ನಿಂತಿತು. 2023ರ ಜುಲೈ 20ರಂದು ಬಾಸ್ಮತಿಯಲ್ಲದ ಬಿಳಿ ಅಕ್ಕಿಯ ರಫ್ತೂ ನಿಂತಿತು. ಮಳೆ ಕೈಕೊಡುವ ಭಯವಿತ್ತು, ಇಲ್ಲಿ ಬೆಲೆ ಏರುತ್ತಿತ್ತು, ಕಾರಣಗಳು ಸುಳ್ಳಲ್ಲ. ಅಮೆರಿಕದಲ್ಲಿರುವ ನಮ್ಮ ದೇಶದವರು ಅಂಗಡಿಗಳ ಮುಂದೆ ಸಾಲು ನಿಂತು ಮೂಟೆ ಮೂಟೆ ಅಕ್ಕಿ ಹೊತ್ತುಕೊಂಡು ಹೋದ ವಿಡಿಯೋ ನೀವೂ ನೋಡಿದ್ದೀರಿ, ನಮ್ಮ ಫೋನಿಗೂ ಬಂತು. ಅವರಿಗೆ ಒಂದು ಮೂಟೆಗೆ ಸ್ವಲ್ಪ ಹೆಚ್ಚು ಹಣ ಹೋಯಿತು ಅಷ್ಟೆ. ಆದರೆ ಪಶ್ಚಿಮ ಆಫ್ರಿಕಾದ ಸೆನೆಗಲ್‌ನಲ್ಲಿ ಜನ ನುಚ್ಚಕ್ಕಿಯನ್ನೇ ಇಷ್ಟಪಟ್ಟು ತಿನ್ನುತ್ತಾರೆ. ಮೀನಿನ ಜೊತೆ ಬೇಯಿಸುವ ಅವರ ನಿತ್ಯದ ಊಟಕ್ಕೆ ನುಚ್ಚೇ ಆಗಬೇಕು. ನಾವಿಲ್ಲಿ ಕೋಳಿಗೆ ಹಾಕುವ ನುಚ್ಚು ಅಲ್ಲಿ ತಟ್ಟೆಯ ಅನ್ನ. ಆ ದೇಶದ ಸರಕಾರ ನಮ್ಮ ಸರಕಾರವನ್ನು ಕೇಳಿಕೊಳ್ಳಬೇಕಾಯಿತು, ವಿಶೇಷ ಅನುಮತಿ ಸಿಕ್ಕಿತು. ಮಕ್ಕಾದವರು ಮದೀನಾಕ್ಕೆ ಬರೆದ ಪತ್ರ ನೆನಪಾಗುತ್ತದೆ. ಕೇಳಿದವರಿಗೆ ನಮ್ಮ ದೇಶ ಕೊಟ್ಟಿತು ಎಂಬುದನ್ನೂ ಹೇಳಬೇಕು. ಈರುಳ್ಳಿಯಲ್ಲೂ 2023ರ ಡಿಸೆಂಬರಿನ ನಿಷೇಧದ ನಡುವೆ ಬಾಂಗ್ಲಾದೇಶ, ಯುಎಇ, ಬಹ್ರೈನ್, ಶ್ರೀಲಂಕಾ, ಭೂತಾನ್, ಮಾರಿಷಸ್‌ಗಳಿಗೆ ಒಟ್ಟು 99,150 ಟನ್ ಕಳಿಸಲು ಒಪ್ಪಿಗೆ ಕೊಡಲಾಯಿತು.

ಹಾಗಾದರೆ ನಮ್ಮ ಬಡವರು? ಇಲ್ಲಿಯ ಕೂಲಿಕಾರನ ತಟ್ಟೆ ಖಾಲಿಯಾಗಲಿ, ಸರಕು ಮಾತ್ರ ಹಡಗು ಹತ್ತಲಿ ಎನ್ನಬೇಕೇ? ಯಾವ ಆಲಿಮರೂ ಹಾಗೆ ಹೇಳುವುದಿಲ್ಲ. ತನ್ನ ಪ್ರಜೆಗಳ ಹಸಿವಿಗೆ ಆಡಳಿತಗಾರ ಮೊದಲು ಉತ್ತರ ಹೇಳಬೇಕು. ವಿಶ್ವ ವ್ಯಾಪಾರ ಸಂಸ್ಥೆಯ ನಿಯಮಗಳಲ್ಲೂ ಇದಕ್ಕೆ ಜಾಗವಿದೆ. ಆಹಾರದ ತೀವ್ರ ಕೊರತೆ ಬಂದರೆ ತಾತ್ಕಾಲಿಕವಾಗಿ ರಫ್ತು ತಡೆಯಬಹುದು. ಆದರೆ ಅದೇ ನಿಯಮಗಳ ಕೃಷಿ ಒಪ್ಪಂದ ಇನ್ನೊಂದು ಮಾತು ಸೇರಿಸುತ್ತದೆ: ತಡೆಯುವ ಮುನ್ನ ಕೊಳ್ಳುವ ದೇಶದ ಅನ್ನದ ಭದ್ರತೆಯನ್ನೂ ಯೋಚಿಸಬೇಕು, ಮೊದಲೇ ತಿಳಿಸಬೇಕು. 2022ರ ಜೂನ್‌ನಲ್ಲಿ ಜಿನೀವಾದಲ್ಲಿ ಸೇರಿದ ದೇಶಗಳು, ವಿಶ್ವ ಆಹಾರ ಕಾರ್ಯಕ್ರಮವು ಹಸಿದವರಿಗೆ ಹಂಚಲು ಕೊಳ್ಳುವ ಧಾನ್ಯವನ್ನಾದರೂ ಯಾರೂ ತಡೆಯಬಾರದು ಎಂದು ಒಪ್ಪಿಕೊಂಡವು. ಒಪ್ಪಿಕೊಳ್ಳಲು ಅಷ್ಟು ವರ್ಷ ಬೇಕಾಯಿತಲ್ಲ ಎಂದು ನಮಗೆ ಅನ್ನಿಸಿತು.

ಪ್ರಶ್ನೆ ಇರುವುದು ತಡೆಯಬಹುದೇ ಇಲ್ಲವೇ ಎಂಬಲ್ಲಿ ಅಲ್ಲ, ಅದರ ಭಾರ ಯಾರ ಹೆಗಲಿಗೆ ಎಂಬಲ್ಲಿ. ಮದೀನಾದಲ್ಲಿ ಒಮ್ಮೆ ಬೆಲೆ ಏರಿತು. ಜನ ಪ್ರವಾದಿವರ್ಯರ(ಸ) ಬಳಿ ಬಂದು ಬೆಲೆ ನಿಗದಿ ಮಾಡಿಕೊಡಿ ಎಂದರು. ಅವರು ಒಪ್ಪಲಿಲ್ಲ. ರಕ್ತದ ವಿಷಯದಲ್ಲಾಗಲಿ ಸೊತ್ತಿನ ವಿಷಯದಲ್ಲಾಗಲಿ ಯಾರೊಬ್ಬರ ಹಕ್ಕೂ ತಮ್ಮ ಮೇಲೆ ಬಾಕಿ ಇರದಂತೆ ಅಲ್ಲಾಹನನ್ನು ಭೇಟಿಯಾಗಬೇಕೆಂಬ ಬಯಕೆ ಅವರದಾಗಿತ್ತು. ಅಂದರೆ, ಕೊಳ್ಳುವವನಿಗೆ ಅಗ್ಗವಾಗಲೆಂದು ಮಾರುವವನ ಕೈಯಿಂದ ಕಿತ್ತುಕೊಂಡರೆ ಅದೂ ಒಬ್ಬನ ಸೊತ್ತೇ. ಮುಂದೆ ಇಬ್ನು ತೈಮಿಯಾರಂಥ ವಿದ್ವಾಂಸರು, ವ್ಯಾಪಾರಿಗಳು ಒಟ್ಟುಗೂಡಿ ಬೆಲೆ ಏರಿಸಿದರೆ ಆಡಳಿತ ಮಧ್ಯೆ ಪ್ರವೇಶಿಸಲೇಬೇಕು ಎಂದಿದ್ದಾರೆ. ಅದು ಸರಿಯೇ. ಆದರೆ ಗುಲಾಬಿ ಈರುಳ್ಳಿ ಬೆಳೆದ ಎರಡೆಕರೆ ರೈತ ಯಾರೊಡನೆ ಒಟ್ಟುಗೂಡಿದ್ದ? ನಗರದವರ ಅಗ್ಗದ ಸಾರಿಗಾಗಿ ಅವನ ಒಂದು ಬೆಳೆಯ ಆದಾಯ ಹೋದರೆ, ಅದನ್ನು ತುಂಬಿಕೊಡಲು ಯಾರಾದರೂ ಬಂದರೇ?

ಬಾಗಿಲು ಮುಚ್ಚುವುದೊಂದೇ ದಾರಿಯೂ ಅಲ್ಲ. ಹಝ್ರತ್ ಉಮರ್(ರ) ಆಡಳಿತದ ಒಂದು ವಿಷಯ ಇಮಾಮ್ ಮಾಲಿಕ್(ರ)ರ ಮುವತ್ತಾದಲ್ಲಿದೆ. ಶಾಮ್ ಕಡೆಯಿಂದ ನಬತಿ ವ್ಯಾಪಾರಿಗಳು ಮದೀನಾಕ್ಕೆ ಸರಕು ತರುತ್ತಿದ್ದರು. ಬೇಳೆಕಾಳಿನ ಮೇಲೆ ಉಮರ್(ರ) ಹತ್ತರಲ್ಲಿ ಒಂದು ಪಾಲು ಸುಂಕ ತೆಗೆದುಕೊಳ್ಳುತ್ತಿದ್ದರು. ಗೋಧಿ ಮತ್ತು ಎಣ್ಣೆಯ ಮೇಲೆ ಮಾತ್ರ ಅದರ ಅರ್ಧ, ಇಪ್ಪತ್ತರಲ್ಲಿ ಒಂದು. ಏಕೆಂದರೆ ಗೋಧಿ, ಎಣ್ಣೆ ಮದೀನಾಕ್ಕೆ ಹೆಚ್ಚು ಬರಲಿ ಎಂದು. ನೋಡಿ, ಊರಿನಲ್ಲಿ ಬೆಲೆ ಇಳಿಯಬೇಕಾದರೆ ಬರುವ ದಾರಿಯನ್ನು ಅಗಲ ಮಾಡಿದರು. ಬೆಳೆದವನ ಕೈ ಕಟ್ಟಲಿಲ್ಲ. ಬರಗಾಲದ ವರ್ಷದಲ್ಲೂ ಅವರು ಅಮ್ರ್ ಬಿನ್ ಆಸ್‌(ರ)ರಿಗೆ ಬರೆದು ಅಲ್ಲಿಂದ ಧಾನ್ಯ ತರಿಸಿದರು.

ಈಗ ಕನ್ನಡಿಯ ಇನ್ನೊಂದು ಬದಿ. 2025ರ ಆಗಸ್ಟ್ 27ರಿಂದ ಅಮೆರಿಕ ನಮ್ಮ ದೇಶದ ಬಹಳಷ್ಟು ಸರಕುಗಳ ಮೇಲೆ ಶೇ. 50 ಸುಂಕ ಹಾಕಿತು. ಅರ್ಧ ಭಾಗ ರಷ್ಯಾದ ಎಣ್ಣೆ ಕೊಂಡದ್ದಕ್ಕೆ ದಂಡ. ಸಿದ್ಧ ಉಡುಪು, ಚರ್ಮ, ಸೀಗಡಿ ಎಲ್ಲಕ್ಕೂ ಪೆಟ್ಟು. ಬೆಂಗಳೂರಿನ ಗಾರ್ಮೆಂಟ್ಸ್‌ನಲ್ಲಿ ಹೊಲಿಯುವ ನಮ್ಮ ಹೆಣ್ಣುಮಕ್ಕಳು ರಷ್ಯಾದಿಂದ ಎಣ್ಣೆ ಕೊಂಡಿರಲಿಲ್ಲ. ಇದು ಅನ್ಯಾಯ ಎಂದು ಇಡೀ ದೇಶ ಹೇಳಿತು, ನಾವೂ ಹೇಳಿದೆವು. ಹೇಳಬೇಕಾದದ್ದೇ. ಎಲ್ಲೋ ದೂರದಲ್ಲಿ ಕುಳಿತವನೊಬ್ಬ ಸಹಿ ಹಾಕಿದರೆ ಇಲ್ಲಿ ಹೊಲಿಗೆ ಯಂತ್ರ ನಿಲ್ಲುತ್ತದೆ ಎಂಬುದು ಎಂಥ ನೋವು ಎಂದು ಈಗ ನಮಗೆ ಗೊತ್ತಾಗಿದೆ. ಢಾಕಾದವನಿಗೆ, ಸೆನೆಗಲ್‌ನವನಿಗೆ, ಚಿಕ್ಕಬಳ್ಳಾಪುರದ ರೈತನಿಗೆ ಅದು ಮೊದಲೇ ಗೊತ್ತಿತ್ತು.

ಅವರು ಹಾಕಿದರೆ ನಾವೂ ಹಾಕಬಾರದೇ? ಹಾಕಬಹುದು, ಅದಕ್ಕೂ ಆಧಾರವಿದೆ. ನಮ್ಮ ವ್ಯಾಪಾರಿಗಳು ಹೊರನಾಡಿಗೆ ಹೋದರೆ ಹತ್ತರಲ್ಲಿ ಒಂದು ಪಾಲು ವಸೂಲು ಮಾಡುತ್ತಾರೆ ಎಂದು ಅಬೂ ಮೂಸಾ ಅಶ್ಅರೀ(ರ) ಬರೆದಾಗ, ಅವರು ನಮ್ಮವರಿಂದ ತೆಗೆದುಕೊಳ್ಳುವಷ್ಟೇ ನೀವೂ ಅವರಿಂದ ತೆಗೆದುಕೊಳ್ಳಿ ಎಂದು ಉಮರ್(ರ) ಉತ್ತರಿಸಿದರು. ಅಷ್ಟೇ, ಅದಕ್ಕಿಂತ ಹೆಚ್ಚಲ್ಲ. ಆ ಸುಂಕ ವಸೂಲಿಗೆ ನೇಮಕವಾದವರು ಝಿಯಾದ್ ಬಿನ್ ಹುದೈರ್. ಅವರ ಬಳಿಗೆ ತಗ್ಲಿಬ್ ಗೋತ್ರದ ಒಬ್ಬ ಕ್ರೈಸ್ತ ವ್ಯಾಪಾರಿ ಒಂದು ಕುದುರೆ ತಂದ. ಇಪ್ಪತ್ತು ಸಾವಿರ ಬೆಲೆಯ ಕುದುರೆ. ಸಾವಿರ ಸುಂಕ ಕಟ್ಟಿದ. ಅದೇ ವರ್ಷ ಹಿಂದಿರುಗಿ ಬರುವಾಗ ಝಿಯಾದ್ ಮತ್ತೆ ಸಾವಿರ ಕೇಳಿದರು. ಹೋದಾಗಲೆಲ್ಲ, ಬಂದಾಗಲೆಲ್ಲ ಸಾವಿರ ಕೊಡಬೇಕೇ ಎಂದು ಆತ ನೇರವಾಗಿ ಮಕ್ಕಾದಲ್ಲಿದ್ದ ಉಮರ್(ರ)ರ ಬಳಿಗೆ ಹೋದ. ಅವರು ಕೇಳಿಸಿಕೊಂಡು ಒಂದೇ ಮಾತಿನಲ್ಲಿ, ಆಯಿತು, ನಿನ್ನ ಕೆಲಸವಾಯಿತು ಎಂಬಂತೆ ಹೇಳಿದರು. ಇಷ್ಟೇನಾ ಎಂದುಕೊಂಡ ಆತ, ಹೋಗಲಿ ಇನ್ನೊಂದು ಸಾವಿರ ಕಟ್ಟಿಯೇ ಬಿಡೋಣ ಎಂದು ಬೇಸರದಿಂದ ಹಿಂದಿರುಗಿದ. ಬಂದು ನೋಡಿದರೆ ಅವನಿಗಿಂತ ಮೊದಲೇ ಖಲೀಫರ ಪತ್ರ ಬಂದು ತಲುಪಿತ್ತು: ಒಮ್ಮೆ ಸುಂಕ ಕಟ್ಟಿದವನಿಂದ ಮುಂದಿನ ವರ್ಷದ ಅದೇ ದಿನದವರೆಗೆ ಏನನ್ನೂ ಕೇಳಬಾರದು.

ಆ ಪತ್ರದ ವೇಗ ನೋಡಿ. ದೂರು ಕೊಟ್ಟವನು ಬೇರೆ ಧರ್ಮದವನು, ಒಬ್ಬಂಟಿ. ಒಂಟೆಯ ಮೇಲೆ ಸಾಗಬೇಕಾದ ಕಾಲ. ಅಂಥ ಕಾಲದಲ್ಲಿ ಆದೇಶ ದೂರುದಾರನಿಗಿಂತ ಮುಂಚೆ ತಲುಪಿತು. ಫೋನು, ಇಮೇಲು ಎಲ್ಲ ಇರುವ ಕಾಲದಲ್ಲಿ ನಮ್ಮ ರೈತನಿಗೆ 41 ದಿನ ಬೇಕಾಯಿತು. 2024ರ ಮೇ 4ರಂದು ನಿಷೇಧ ತೆರವಾದಾಗಲೂ ಟನ್ನಿಗೆ 550 ಡಾಲರ್ ಕನಿಷ್ಠ ಬೆಲೆ, ಅದರ ಮೇಲೆ ಶೇ. 40 ಸುಂಕ. ಲೆಕ್ಕ ಹಾಕಿದರೆ ಕಿಲೋಗೆ ಸುಮಾರು 64 ರೂಪಾಯಿ ಬೀಳುತ್ತದೆ. ಆ ಬೆಲೆಗೆ ಯಾರು ಕೊಳ್ಳುತ್ತಾರೆ? ಗುಲಾಬಿ ಈರುಳ್ಳಿಗೆ ಆ ಸುಂಕದಿಂದ ವಿನಾಯಿತಿ ಸಿಕ್ಕಿದ್ದು ಮೇ 29ಕ್ಕೆ. ಎಲ್ಲ ಈರುಳ್ಳಿಯ ಮೇಲಿನ ರಫ್ತು ಸುಂಕ ಪೂರ್ತಿ ಹೋದದ್ದು 2025ರ ಏಪ್ರಿಲ್ 1ಕ್ಕೆ.

ಇಂದು ದಾರಿ ತೆರೆದಿದೆ, ಅಲ್‌ಹಮ್ದುಲಿಲ್ಲಾಹ್. ಆದರೆ ಮುಂದಿನ ಮಳೆಗಾಲದಲ್ಲಿ ಬೆಲೆ ಏರಿದರೆ ಮತ್ತೆ ಅದೇ ಕೂಗು ಏಳುತ್ತದೆ, ಆಗ ನಾವು ಏನು ಮಾಡುತ್ತೇವೆ? ರೈತ ಸಂಘದವರು ಮನವಿ ಕೊಡಲು ಹೋದರೆ ಅವರ ಜೊತೆ ಮಂಡಿಯ ನಮ್ಮ ಯುವಕರೂ ಹೋಗಬೇಕು. ತಿನ್ನದ ಈರುಳ್ಳಿಯನ್ನು ತಡೆಯಬೇಡಿ, ತಡೆಯಲೇಬೇಕಾದರೆ ಬಿತ್ತನೆಗೆ ಮುಂಚೆ ಹೇಳಿ, ಇಲ್ಲವೇ ನಷ್ಟ ತುಂಬಿಕೊಡಿ ಎಂದು ಕೇಳಬೇಕು. ಮನೆಯಲ್ಲಿ ಎರಡು ತಿಂಗಳು ಈರುಳ್ಳಿ ಕಡಿಮೆ ಹಾಕಿ ಸಾರು ಮಾಡಿದರೆ ಯಾರೂ ಸಾಯುವುದಿಲ್ಲ. ಬಿರಿಯಾನಿಗೆ ಸ್ವಲ್ಪ ಕಷ್ಟವಾಗಬಹುದು, ಅಷ್ಟೆ. ಕೂಲಿ ಮಾಡುವ ಬಡವರ ಮನೆಗೆ ಆಗ ಝಕಾತ್, ಸದಕಾದ ಹಣದಲ್ಲಿ ದಿನಸಿ ಮುಟ್ಟಿಸುವುದು ನಮ್ಮ ಜಮಾಅತ್‌ನ ಕೈಯಲ್ಲೇ ಇರುವ ಕೆಲಸ. ಅದಕ್ಕೆ ದೆಹಲಿಯ ಆದೇಶ ಬೇಕಿಲ್ಲ.

ನಮಾಝ್ ಮುಗಿದ ಮೇಲೆ ಮಂಡಿಯ ಒಬ್ಬ ಯುವಕ ಬಂದು ಕೇಳಿದ ಪ್ರಶ್ನೆಯನ್ನೂ ಇಲ್ಲಿ ಸೇರಿಸುತ್ತೇವೆ, ಬಹಳ ಜನರಿಗೆ ಅದು ಬೇಕಾಗುತ್ತದೆ.

“ಹಝ್ರತ್, ರಫ್ತು ತೆರೆಯಿತು ಅಂತ ರಾತ್ರಿ ನಮ್ಮ ವಾಟ್ಸಾಪ್ ಗ್ರೂಪಿಗೆ ಸುದ್ದಿ ಬರುತ್ತೆ. ಹಳ್ಳಿಯ ರೈತನಿಗೆ ಇನ್ನೂ ಗೊತ್ತಿರಲ್ಲ. ಬೆಳಗಿನ ಜಾವಕ್ಕೇ ಹೋಗಿ ಹಳೆ ದರಕ್ಕೆ ಕೊಂಡರೆ ತಪ್ಪಾ? ನಾನೇನು ಸುಳ್ಳು ಹೇಳಲ್ಲ. ಅವನು ಕೇಳಲ್ಲ, ನಾನು ಹೇಳಲ್ಲ.”

ವ್ಯಾಪಾರಿಗಳು ಊರ ಹೊರಗೆ ಹೋಗಿ, ಮಾರುಕಟ್ಟೆಯ ದರ ತಿಳಿಯದೆ ಬರುತ್ತಿರುವ ಸರಕಿನ ತಂಡವನ್ನು ದಾರಿಯಲ್ಲೇ ತಡೆದು ಕೊಳ್ಳುವುದನ್ನು ಪ್ರವಾದಿವರ್ಯರು(ಸ) ನಿಷೇಧಿಸಿದ್ದಾರೆ, ಅಲ್ಲಿ ಯಾರೂ ಸುಳ್ಳು ಹೇಳಿರಬೇಕೆಂದಿಲ್ಲ ಎಂದು ಹೇಳಿದೆವು. ಹಾಗೆ ಕೊಂಡರೂ, ಮಾರಿದವನು ಮಾರುಕಟ್ಟೆಗೆ ಬಂದು ನಿಜವಾದ ದರ ತಿಳಿದ ಮೇಲೆ ಆ ವ್ಯಾಪಾರವನ್ನು ಮುರಿಯುವ ಹಕ್ಕು ಅವನಿಗೆ ಇದೆ ಎಂದೂ ಹದೀಸ್‌ನಲ್ಲಿದೆ.

ಯುವಕ ಸ್ವಲ್ಪ ಹೊತ್ತು ಸುಮ್ಮನಿದ್ದ.

“ಲಾರಿಗೆ ಲೋಡ್ ಆಗಿಬಿಟ್ಟಿದ್ದರೆ?”

“ಆಗಿದ್ದರೂ ಇಳಿಸಬೇಕಪ್ಪಾ. ಇಲ್ಲವೇ ಇವತ್ತಿನ ದರ ಕೊಟ್ಟು ಅವನನ್ನು ಒಪ್ಪಿಸಬೇಕು” ಎಂದೆವು.